ಕೊನೆಗೆ ಉಣ್ಣುವವಳ ರಕ್ತಹೀನತೆ

ನಿಮ್ಮ ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಊಟಕ್ಕೆ ಕೂರುವವರು ಯಾರು? ಬಹಳಷ್ಟು ಮನೆಗಳಲ್ಲಿ ಉತ್ತರ ಒಂದೇ: ತಾಯಿ ಅಥವಾ ಸೊಸೆ. ಅಷ್ಟು ಹೊತ್ತಿಗೆ ಪಲ್ಯದ ಪಾತ್ರೆ ಬರಿದಾಗಿರುತ್ತದೆ. ಉಳಿದ ಅನ್ನ, ಸಾರು, ಉಪ್ಪಿನಕಾಯಿಯಲ್ಲಿ ಅವರ ಊಟ ಮುಗಿಯುತ್ತದೆ. ಸುಸ್ತು, ತಲೆಸುತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಎಂದು ಅವರು ಹೇಳಿದರೆ 'ಕೆಲಸ ಜಾಸ್ತಿಯಾಗಿರಬೇಕು' ಎಂದು ಸುಮ್ಮನಾಗುತ್ತೇವೆ. ಆದರೆ ಇವು ರಕ್ತಹೀನತೆಯ ಲಕ್ಷಣಗಳೂ ಆಗಿರಬಹುದು.

ರಕ್ತಹೀನತೆ ಎಂದರೇನು?

ದೇಹದ ಎಲ್ಲ ಭಾಗಗಳಿಗೂ ಆಮ್ಲಜನಕವನ್ನು ಒಯ್ಯುವುದು ರಕ್ತದಲ್ಲಿರುವ ಹಿಮೋಗ್ಲೋಬಿನ್. ಇದು ತಯಾರಾಗಲು ಕಬ್ಬಿಣಾಂಶ ಬೇಕು. ಮಹಿಳೆಯರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ಈ ತೊಂದರೆಯಿತ್ತು. ಅದೇ ವಯಸ್ಸಿನ ಪುರುಷರಲ್ಲಿ ಇದು ಶೇ. 25 ಮಾತ್ರ.

ಈ ಅಂತರಕ್ಕೆ ದೇಹಪ್ರಕೃತಿಯೂ ಕಾರಣ. ತಿಂಗಳ ಸ್ರಾವ, ಬಸಿರು, ಬಾಣಂತನಗಳಿಂದ ಕಬ್ಬಿಣಾಂಶ ನಷ್ಟವಾಗುತ್ತದೆ. ಆದ್ದರಿಂದಲೇ ಪುರುಷನಿಗೆ ದಿನಕ್ಕೆ 19 ಮಿ.ಗ್ರಾಂ ಕಬ್ಬಿಣಾಂಶ ಸಾಕಾದರೆ ಮಹಿಳೆಗೆ 29 ಮಿ.ಗ್ರಾಂ ಬೇಕೆಂದು ನಮ್ಮ ಪೌಷ್ಟಿಕ ತಜ್ಞರು ನಿಗದಿಪಡಿಸಿದ್ದಾರೆ. ಹೆಚ್ಚು ಬೇಕಾದವಳ ತಟ್ಟೆಗೇ ಕಡಿಮೆ ಬೀಳುತ್ತಿದೆ ಎಂಬುದು ವಿಪರ್ಯಾಸ.

ಸರ್ಕಾರ ಮಾಡಿದ್ದೇನು?

ರಕ್ತಹೀನತೆಯನ್ನು ತಗ್ಗಿಸಲೆಂದು ಕೇಂದ್ರ ಸರ್ಕಾರ 2018ರಲ್ಲಿ 'ಅನೀಮಿಯಾ ಮುಕ್ತ ಭಾರತ' ಕಾರ್ಯಕ್ರಮವನ್ನು ಆರಂಭಿಸಿತು. ಇದರಂತೆ ಗರ್ಭಿಣಿಯರು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣಾಂಶದ ಮಾತ್ರೆ ನುಂಗಬೇಕು. ಹದಿಹರೆಯದವರಿಗೆ ವಾರಕ್ಕೊಂದು ಮಾತ್ರೆ.

ಕರ್ನಾಟಕ ಸರ್ಕಾರ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಗೆ ತಂದ 'ಮಾತೃಪೂರ್ಣ' ಯೋಜನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮನೆಗೆ ಕೊಟ್ಟ ಪಡಿತರ ಮನೆಮಂದಿಯಲ್ಲೆಲ್ಲ ಹಂಚಿಹೋಗುತ್ತಿತ್ತು. ಆದ್ದರಿಂದ ಗರ್ಭಿಣಿ, ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಲಿ, ಹಾಲು, ಮೊಟ್ಟೆ, ಚಿಕ್ಕಿ ಅವರ ಹೊಟ್ಟೆಗೇ ಸೇರಲಿ ಎಂಬುದು ಇದರ ಆಶಯ. ಮನೆಗಳು ದೂರ ದೂರ ಇರುವ ಮಲೆನಾಡಿನಂಥ ಕಡೆ ತುಂಬು ಗರ್ಭಿಣಿಯರು ಅಷ್ಟು ದೂರ ನಡೆಯುವುದು ಕಷ್ಟವಾಯಿತು. ಎಳೆಬಾಣಂತಿಯನ್ನು ಹೊರಗೆ ಕಳುಹಿಸಲು ಹಿರಿಯರು ಹಿಂಜರಿದರು. ಮನೆಯವರು ಮನಸ್ಸು ಮಾಡದೆ ಯಾವ ಯೋಜನೆಯೂ ಪೂರ್ತಿ ಫಲ ಕೊಡದು.

ಮಾತ್ರೆಯ ಬಗ್ಗೆ ಭಯ ಬೇಡ

ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ, ವಿಪರೀತ ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತುಗಳಲ್ಲಿ ಹುರುಳಿಲ್ಲ. ಮಲ ಕಪ್ಪಗಾಗುವುದು ಸಹಜ, ಗಾಬರಿ ಬೇಡ. ವಾಕರಿಕೆಯಾದರೆ ರಾತ್ರಿ ಊಟದ ನಂತರ ತೆಗೆದುಕೊಳ್ಳಿ. ಕಾಫಿ, ಟೀ ಜೊತೆ ನುಂಗಬೇಡಿ. ಕನಿಷ್ಠ ಒಂದು ಗಂಟೆ ಅಂತರವಿರಲಿ. ನಿಂಬೆಹಣ್ಣಿನ ಪಾನಕದೊಂದಿಗೆ ತೆಗೆದುಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿನಲ್ಲಿ ನುಂಗಿ. ಊಟದಲ್ಲಿ ಸೊಪ್ಪು, ಹುರುಳಿ, ಮೊಳಕೆಕಾಳು ಇರಲಿ. ಮಾಂಸಾಹಾರಿಗಳಿಗೆ ಮಾಂಸ, ಮೀನು ಉತ್ತಮ.

ರಕ್ತಹೀನತೆಯುಳ್ಳ ಗರ್ಭಿಣಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗುವ, ಮಗುವಿನ ತೂಕ ಕಡಿಮೆಯಾಗುವ ಸಂಭವ ಹೆಚ್ಚು. ಹೆರಿಗೆಯಲ್ಲಿ ರಕ್ತಸ್ರಾವವಾದರೆ ಆಕೆಯ ಪ್ರಾಣಕ್ಕೇ ಅಪಾಯ. ಹಿಮೋಗ್ಲೋಬಿನ್ 7 ಗ್ರಾಂಗಿಂತ ಕಡಿಮೆಯಿದ್ದರೆ ಮಾತ್ರೆಯನ್ನಷ್ಟೇ ನಂಬಿ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ರಕ್ತಪರೀಕ್ಷೆ ಮತ್ತು ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಇನ್ನುಳಿದ ಕೆಲಸ ಮನೆಯವರದು. ಇಂದಿನಿಂದ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತುಕೊಳ್ಳಿ. ಅದಾಗದಿದ್ದರೆ ಅವಳ ಪಾಲನ್ನು ಮೊದಲೇ ತೆಗೆದಿಡಿ.