ಒಲ್ಲೆನೆಂಬ ಕೂಸು, ಒಂದೇ ಒಲೆಯ ಅಡಿಗೆ

ಪಾಕವಿದ್ಯೆಯು ಕನ್ನಡಿಗರಿಗೆ ಹೊಸದಲ್ಲ. ಇಮ್ಮಡಿ ಚಾವುಂಡರಾಯನು ಸುಮಾರು ಕ್ರಿ.ಶ. 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪ್ರತ್ಯೇಕ ಗ್ರಂಥವನ್ನೇ ಷಟ್ಪದಿಯಲ್ಲಿ ಬರೆದನು. ಆದರೆ ನಾಲ್ಕು ವರ್ಷದ ಕೂಸು ತಾಟಿನ ಮುಂದೆ ಕುಳಿತು, ತುಟಿ ಬಿಗಿಹಿಡಿದು, “ಒಲ್ಲೆ” ಎಂದು ತಲೆಯಲ್ಲಾಡಿಸಿದಾಗ ಯಾವ ಸೂಪಶಾಸ್ತ್ರವೂ ತಾಯಿಯ ನೆರವಿಗೆ ಬರುವಂತಿಲ್ಲ. ಅಡಿಗೆ ಮಾಡುವ ವಿದ್ಯೆ ಒಂದು. ಮಾಡಿದುದನ್ನು ಎಳೆಯ ಮಗು ಒಲಿದು ಉಣ್ಣುವಂತೆ ಮಾಡುವ ವಿದ್ಯೆ ಇನ್ನೊಂದು. ಈ ಎರಡನೆಯದನ್ನು ಕುರಿತು ವಿಚಾರಮಾಡುವುದು ಇಲ್ಲಿಯ ಉದ್ದೇಶ.

ರಾತ್ರಿಯ ಊಟದ ಹೊತ್ತಿನಲ್ಲಿ ಹಲವು ಮನೆಗಳಲ್ಲಿ ನಡೆಯುವ ಪ್ರಸಂಗವನ್ನು ನೋಡಬಹುದು. ತಾಯಿ ಜೋಳದ ರೊಟ್ಟಿ ಬಡಿದು, ಹೆಸರುಕಾಳಿನ ಪಲ್ಯ ಮಾಡಿ, ಶೇಂಗಾ ಚಟ್ನಿ, ಮೊಸರು, ಅನ್ನ, ಸಾರುಗಳನ್ನು ಅಣಿಗೊಳಿಸಿ ಮನೆಯವರನ್ನು ಕರೆಯುತ್ತಾಳೆ. ಕೂಸು ಕಾಳನ್ನು ಕಂಡೊಡನೆಯೇ ಮುಖ ತಿರುಗಿಸುತ್ತದೆ. “ಒಂದ ತುತ್ತು ಉಣ್ಣು, ನನ್ನ ಬಂಗಾರ” ಎಂದು ಅಜ್ಜಿ ಬೆನ್ನು ಹತ್ತುತ್ತಾಳೆ. ತಂದೆ ಮೊಬೈಲು ತೆರೆದು ಮುಂದಿಡುತ್ತಾನೆ. ಚಿತ್ರದ ಮೋಹದಲ್ಲಿ ಬಾಯಿ ತೆರೆದಾಗ ತುತ್ತೊಂದು ಒಳಸೇರುತ್ತದೆ. ಅದೂ ಸಾಗದಾದಾಗ ತಾಯಿ ಮತ್ತೆ ಒಲೆ ಹಚ್ಚಿ, ಕೂಸಿಗಾಗಿಯೇ ಬೇರೊಂದು ಅಡಿಗೆ ಮಾಡುತ್ತಾಳೆ. ಕೊನೆಗೆ ಕೂಸು ಎರಡು ಬಿಸ್ಕೀಟು ತಿಂದು ಮಲಗುತ್ತದೆ. ಎಲ್ಲರ ಕೆಲಸ ಮುಗಿಸಿ ತಾಯಿ ಊಟಕ್ಕೆ ಕುಳಿತಾಗ ರೊಟ್ಟಿ ತಣ್ಣಗಾಗಿ, ಪಲ್ಯ ತಳ ಸೇರಿರುತ್ತದೆ. ಇಲ್ಲಿ ಕೂಸಿನದು ಹಟವೆಂದೂ, ತಾಯಿಯದು ಸಡಿಲವೆಂದೂ ನೋಡುವವರು ತೀರ್ಪು ಕೊಡುವುದುಂಟು. ವಾಸ್ತವವಾಗಿ ತಪ್ಪು ಇಬ್ಬರದೂ ಅಲ್ಲ.

ಮೊದಲು ಕೂಸಿನ ದೇಹಧರ್ಮವನ್ನು ಅರಿಯಬೇಕು. ಹುಟ್ಟಿದಾಗ 3 ಕಿಲೋ ಇದ್ದ ಶಿಶು ಒಂದು ವರ್ಷ ತುಂಬುವಷ್ಟರಲ್ಲಿ ಸುಮಾರು 9 ಕಿಲೋ ಆಗುತ್ತದೆ, ಎಂದರೆ ಮೂರು ಪಟ್ಟು. ಅಂತಹ ವೇಗ ಮುಂದೆಂದೂ ಇರುವುದಿಲ್ಲ. ಎರಡು ವರ್ಷ ಕಳೆದ ಮೇಲೆ ವರ್ಷಕ್ಕೆ ಸುಮಾರು 2 ಕಿಲೋದಷ್ಟು ಮಾತ್ರವೇ ತೂಕ ಏರುತ್ತದೆ. ಬೆಳವಣಿಗೆಯ ವೇಗ ತಗ್ಗಿದಂತೆ ಹಸಿವೂ ತಗ್ಗುವುದು ಸಹಜ. “ಮೊದಲು ಚೆನ್ನಾಗಿ ಉಣ್ಣುತ್ತಿತ್ತು, ಈಗ ಉಣ್ಣಲೊಲ್ಲದು” ಎಂದು ತಾಯಂದಿರು ಕಳವಳಗೊಳ್ಳುವುದು ಬಹುತೇಕ ಈ ಸಂಧಿಕಾಲದಲ್ಲಿಯೇ. ಇದೇ ವಯಸ್ಸಿನಲ್ಲಿ, ಎರಡರಿಂದ ಆರು ವರ್ಷಗಳವರೆಗೆ, ಹೊಸ ಆಹಾರವನ್ನು ಕಂಡರೆ ಹಿಂಜರಿಯುವ ಸ್ವಭಾವವೂ ಪ್ರಬಲವಾಗಿರುತ್ತದೆ. ಷಡ್ರಸಗಳಲ್ಲಿ ಮಧುರದ ಮೇಲಣ ಒಲವು ಶಿಶುವಿಗೆ ಹುಟ್ಟಿನಿಂದಲೇ ಬಂದುದು. ತಿಕ್ತದ ಮೇಲಣ ಜಿಗುಪ್ಸೆಯೂ ಹುಟ್ಟಿನಿಂದಲೇ ಬಂದುದು. ಕಾಡಿನಲ್ಲಿ ಕಹಿಯಾದುದು ಅನೇಕ ವೇಳೆ ವಿಷವಾಗಿರುತ್ತಿದ್ದುದರಿಂದ ಪ್ರಕೃತಿಯು ಮಾಡಿಟ್ಟ ಕಾವಲಿದು ಎಂದು ವಿಜ್ಞಾನಿಗಳು ಊಹಿಸುತ್ತಾರೆ. ಆದುದರಿಂದ ಮೆಂತ್ಯದ ಸೊಪ್ಪನ್ನು ಕೂಸು ಉಗುಳಿದರೆ ಅದು ತಾಯಿಗೆ ತೋರಿದ ಅನಾದರವಲ್ಲ.

ಹಾಗಾದರೆ ಹಿರಿಯರ ಕರ್ತವ್ಯವೇನು? “ಹಸಿವು ರುಚಿಯರಿಯದು, ನಿದ್ರೆ ಸುಖವರಿಯದು” ಎಂಬ ಗಾದೆಯಲ್ಲಿ ಅರ್ಧ ಉತ್ತರವಿದೆ. ಉಳಿದರ್ಧವನ್ನು ಕರ್ತವ್ಯದ ಹಂಚಿಕೆಯಲ್ಲಿ ಕಾಣಬೇಕು. ಏನನ್ನು ಉಣಬಡಿಸಬೇಕು, ಯಾವಾಗ, ಎಲ್ಲಿ ಎಂಬ ಮೂರನ್ನು ಹಿರಿಯರು ನಿರ್ಧರಿಸಬೇಕು. ಅವುಗಳಲ್ಲಿ ಯಾವುದನ್ನು, ಎಷ್ಟು ಉಣ್ಣಬೇಕೆಂಬುದನ್ನು ಕೂಸು ನಿರ್ಧರಿಸಬೇಕು. ಅಮೆರಿಕೆಯ ಆಹಾರತಜ್ಞೆ ಎಲಿನ್ ಸ್ಯಾಟರ್ ಎಂಬಾಕೆ 1980ರ ದಶಕದಲ್ಲಿ ಈ ಸೂತ್ರವನ್ನು ಪ್ರಚುರಪಡಿಸಿದರು. ಸಾಮಾನ್ಯವಾಗಿ ಮನೆಗಳಲ್ಲಿ ಇದು ತಲೆಕೆಳಗಾಗಿರುತ್ತದೆ. ಏನು ಬೇಕೆಂದು ಕೂಸು ಆಜ್ಞಾಪಿಸುತ್ತದೆ. ಎಷ್ಟು ಉಣ್ಣಬೇಕೆಂದು ಹಿರಿಯರು ಒತ್ತಾಯಿಸುತ್ತಾರೆ.

ಕೂಸಿಗೆ ತನ್ನ ಹಸಿವಿನ ಅಳತೆ ತಿಳಿದೀತೇ ಎಂಬ ಶಂಕೆ ಬರಬಹುದು. ಶಿಶುವೈದ್ಯೆ ಕ್ಲಾರಾ ಡೇವಿಸ್ ಎಂಬಾಕೆ ಅಮೆರಿಕೆಯಲ್ಲಿ 1926ರಲ್ಲಿ ಆರಂಭಿಸಿದ ಪ್ರಯೋಗವೊಂದು ಈ ಶಂಕೆಗೆ ಸಮಾಧಾನ ನೀಡುತ್ತದೆ. ಆಗತಾನೆ ಮೊಲೆ ಬಿಟ್ಟ ಶಿಶುಗಳ ಮುಂದೆ ಧಾನ್ಯ, ತರಕಾರಿ, ಹಣ್ಣು, ಹಾಲು, ಮೊಟ್ಟೆ, ಮಾಂಸ ಮುಂತಾದ 34 ಬಗೆಯ ಆಹಾರಗಳ ಪಟ್ಟಿಯಿಂದ ಆರಿಸಿದವನ್ನಿಟ್ಟು, ಬೇಕಾದುದನ್ನು ಬೇಕಾದಷ್ಟು ತಿನ್ನಗೊಡಲಾಯಿತು. ಯಾರೂ ಒತ್ತಾಯಿಸಲಿಲ್ಲ, ಹೊಗಳಲಿಲ್ಲ, ತೆಗಳಲಿಲ್ಲ. ಹೀಗೆ ಬೆಳೆದ 15 ಶಿಶುಗಳೂ ಪುಷ್ಟವಾಗಿ ಬೆಳೆದುವೆಂದು ಆಕೆ 1939ರ ತಮ್ಮ ಬರಹದಲ್ಲಿ ತಿಳಿಸಿದರು. ಆದರೆ ಇದರ ಮರ್ಮವನ್ನೂ ಆಕೆಯೇ ಬಿಡಿಸಿ ಹೇಳಿದರು: ಗುಟ್ಟಿರುವುದು ಆ ಪಟ್ಟಿಯಲ್ಲಿ. ಅದರಲ್ಲಿ ಸಕ್ಕರೆಯಾಗಲಿ, ಸಕ್ಕರೆ ಬೆರೆತ ತಿನಿಸಾಗಲಿ ಇರಲಿಲ್ಲ. ಆಯ್ಕೆ ಶಿಶುವಿನದು, ಪಟ್ಟಿ ಹಿರಿಯರದು. ಪಟ್ಟಿಯೊಳಗೆ ಬಿಸ್ಕೀಟನ್ನೂ ಕುರುಕಲು ತಿಂಡಿಯ ಪೊಟ್ಟಣವನ್ನೂ ಸೇರಿಸಿ, ಅನಂತರ ಕೂಸಿನ ಆಯ್ಕೆಯನ್ನು ದೂರುವುದು ನ್ಯಾಯವಲ್ಲ.

ಇನ್ನು ಅಡಿಗೆಯ ಕ್ರಮ. ಕೂಸಿಗಾಗಿ ಎರಡನೆಯ ಅಡಿಗೆ ಬೇಡ. ಒಂದೇ ಒಲೆಯ ಅಡಿಗೆಯನ್ನು ಕೂಸಿಗೆ ಒಗ್ಗುವಂತೆ ಹೊಂದಿಸಿದರೆ ಸಾಕು. ಹೆಸರುಕಾಳು ಬೆಂದ ಮೇಲೆ, ಖಾರ ಹಾಕುವ ಮುನ್ನ, ಒಂದು ಬಟ್ಟಲಷ್ಟನ್ನು ತೆಗೆದಿಡಬೇಕು. ಅದಕ್ಕೆ ಚಿಟಿಕೆ ಉಪ್ಪು, ತುಸು ತುಪ್ಪ, ನಾಲ್ಕು ಹನಿ ನಿಂಬೆಯ ರಸ ಸೇರಿಸಿದರೆ ಕೂಸಿನ ಪಲ್ಯ ಸಿದ್ಧ. ಬಿಸಿ ರೊಟ್ಟಿಯನ್ನು ಚೂರುಮಾಡಿ ಹಾಲಿನಲ್ಲಿಯೋ, ಬೇಳೆಯ ಕಟ್ಟಿನಲ್ಲಿಯೋ ನೆನೆಸಿ ಕಿವುಚಿದರೆ ಹಲ್ಲಿಗೆ ಮೆತ್ತಗಾಗುತ್ತದೆ. ಜೋಳದ ನುಚ್ಚಿಗೆ ಮಜ್ಜಿಗೆ ಬೆರೆಸಿಯೂ ಕೊಡಬಹುದು. ಜೋಳದಲ್ಲಿ ಕೊರತೆಯಾಗಿರುವ ಲೈಸಿನ್ ಎಂಬ ಸಾರಾಂಶವನ್ನು ಬೇಳೆಕಾಳುಗಳು ತುಂಬಿಕೊಡುತ್ತವೆ. ರೊಟ್ಟಿಯೊಂದಿಗೆ ಕಾಳುಪಲ್ಯವನ್ನು ಜೊತೆಗೂಡಿಸಿದ ಹಿಂದಿನವರ ಪದ್ಧತಿ ಹೀಗೆ ವಿಜ್ಞಾನಸಮ್ಮತವೂ ಆಗಿದೆ. ಶೇಂಗಾ ಬೀಜವನ್ನು ಮಾತ್ರ ನಾಲ್ಕೈದು ವರ್ಷದವರೆಗೆ ಇಡಿಯಾಗಿ ಕೊಡಬಾರದು. ಗಂಟಲಿಗೆ ಸಿಕ್ಕಿಕೊಳ್ಳುವ ಭಯವುಂಟು. ನುಣ್ಣಗೆ ಕುಟ್ಟಿದ ಪುಡಿಯಾದರೆ ಅಡ್ಡಿಯಿಲ್ಲ.

ಊಟದ ಮಣೆಯ ಮುಂದೆ ಕೂಸಿಗೆ ಪರಿಚಿತವಾದ, ಒಲವಿನ ಪದಾರ್ಥ ಒಂದಾದರೂ ನಿತ್ಯವೂ ಇರಲಿ. ಮೊಸರನ್ನವಾದರೂ ಸರಿ, ಬಾಳೆಹಣ್ಣಾದರೂ ಸರಿ. ಅದರ ಪಕ್ಕದಲ್ಲಿ ಒಲ್ಲದ ಪದಾರ್ಥವನ್ನು ಒಂದು ಚಮಚದಷ್ಟು ಮಾತ್ರ ಬಡಿಸಬೇಕು. ಮುಟ್ಟಲಿ, ಮೂಸಲಿ, ನೆಕ್ಕಿ ಬಿಡಲಿ, ಯಾರೂ ಮಾತನಾಡಬಾರದು. ಬಾಲಮನೋವಿಜ್ಞಾನಿ ಲೀಆನ್ ಬರ್ಚ್ ಅವರು 1980ರ ದಶಕದಲ್ಲಿ ನಡೆಸಿದ ಅಧ್ಯಯನಗಳಲ್ಲಿ, ಎಳೆಯ ಮಕ್ಕಳು ಒಂದು ಹೊಸ ಆಹಾರವನ್ನು ಹೆಚ್ಚು ಸಲ ಸವಿದಷ್ಟೂ ಅದರ ಮೇಲಣ ಒಲವು ಹೆಚ್ಚುವುದು ಕಂಡುಬಂದಿತು. ಎಂಟು ಹತ್ತು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ ಬೇಕಾಗಬಹುದು. ಬಹುಮಂದಿ ತಾಯಂದಿರು ಮೂರನೆಯ ಸಲಕ್ಕೇ ಕೈಬಿಟ್ಟು, “ನಮ್ಮ ಕೂಸಿಗೆ ಇದು ಸೇರುವುದಿಲ್ಲ” ಎಂದು ನಿರ್ಣಯಿಸಿಬಿಡುತ್ತಾರೆ. ಕಾಗುಣಿತವನ್ನು ಮೂರು ಸಲ ತಪ್ಪಿದ ಮಗುವನ್ನು ಯಾವ ಗುರುವೂ ಶಾಲೆಯಿಂದ ಹೊರಗಟ್ಟುವುದಿಲ್ಲ. ನಾಲಗೆಯ ಅಕ್ಷರಾಭ್ಯಾಸಕ್ಕೂ ಅದೇ ತಾಳ್ಮೆ ಬೇಕು.

“ಪಲ್ಯ ಉಂಡರೆ ಪೇಡೆ ಕೊಡುತ್ತೇನೆ” ಎಂಬ ಆಮಿಷವೂ ಸಲ್ಲದು. ಬಹುಮಾನಕ್ಕಾಗಿ ತಿಂದ ಪದಾರ್ಥದ ಮೇಲೆ ಮಕ್ಕಳ ಒಲವು ಕುಗ್ಗುವುದೆಂಬುದನ್ನೂ ಬರ್ಚ್ ಅವರ ಅಧ್ಯಯನಗಳು ತೋರಿಸಿವೆ. ಪಲ್ಯವು ಶಿಕ್ಷೆ, ಪೇಡೆಯು ಫಲ ಎಂಬ ಪಾಠವನ್ನು ಕೂಸು ಕಲಿಯುತ್ತದೆ. ಸೊಪ್ಪನ್ನು ಥಾಲಿಪೆಟ್ಟಿನ ಹಿಟ್ಟಿನಲ್ಲಿ ನಾದಿ ಕೊಡುವುದು ಒಳ್ಳೆಯದೇ. ಆದರೆ ಬಚ್ಚಿಟ್ಟು ಉಣಿಸಿದ ಸೊಪ್ಪು ದೇಹವನ್ನು ಪೋಷಿಸುತ್ತದೆಯೇ ಹೊರತು ನಾಲಗೆಗೆ ಪರಿಚಯವಾಗುವುದಿಲ್ಲ. ಆದುದರಿಂದ ಸೊಪ್ಪು ಸೋಸುವ ಹೊತ್ತಿನಲ್ಲಿ ಕೂಸನ್ನು ಹತ್ತಿರ ಕೂರಿಸಿಕೊಂಡು, ಎಲೆ ಬಿಡಿಸಲು ಹಚ್ಚಬೇಕು. ತನ್ನ ಕೈಯಿಂದ ಬಿಡಿಸಿದ ಸೊಪ್ಪಿನ ಮೇಲೆ ಕೂಸಿಗೆ ಒಂದು ಬಗೆಯ ಅಭಿಮಾನ ಹುಟ್ಟುತ್ತದೆ.

ಹೊತ್ತಿನ ವಿಚಾರ ಅಡಿಗೆಯಷ್ಟೇ ಮುಖ್ಯ. ಶಾಲೆಯಿಂದ ಬಂದ ಮಗು ಐದು ಗಂಟೆಗೆ ಬಿಸ್ಕೀಟು, ಆರಕ್ಕೆ ಹಾಲು, ಏಳಕ್ಕೆ ಕುರುಕಲು ತಿಂದು, ಒಂಬತ್ತಕ್ಕೆ ಊಟ ಒಲ್ಲೆನೆಂದರೆ ಅದರಲ್ಲಿ ಆಶ್ಚರ್ಯವೇನು? ಸಾಯಂಕಾಲ ಒಮ್ಮೆ ಹಣ್ಣನ್ನೋ ಮೊಳಕೆಕಾಳನ್ನೋ ಕೊಟ್ಟು, ಅನಂತರ ಊಟದವರೆಗೆ ನೀರನ್ನು ಮಾತ್ರ ಕೊಟ್ಟು, ಏಳೂವರೆಯ ಸುಮಾರಿಗೆ ಊಟಕ್ಕೆ ಕೂರಿಸಿದರೆ ಅರ್ಧ ಜಗಳ ತಾನಾಗಿಯೇ ಅಡಗುತ್ತದೆ. ಹಾಲು ಅಮೃತಸಮಾನವೆಂಬ ಭಾವನೆಯಿಂದ ದಿನವಿಡೀ ಕುಡಿಸುವುದೂ ಸರಿಯಲ್ಲ. ಈ ವಯಸ್ಸಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚಾದ ಹಾಲು ಹೊಟ್ಟೆಯಲ್ಲಿ ಅನ್ನದ ಸ್ಥಾನವನ್ನು ಆಕ್ರಮಿಸುತ್ತದೆ. ಹಾಲಿನಲ್ಲಿ ಕಬ್ಬಿಣದ ಅಂಶವಾದರೋ ಅತ್ಯಲ್ಪ. ಚಹವು ಆಹಾರದಲ್ಲಿರುವ ಕಬ್ಬಿಣವು ರಕ್ತಗತವಾಗುವುದನ್ನೇ ತಡೆಯುತ್ತದೆ. ಮಕ್ಕಳಿಗೆ ಅದು ಸರ್ವಥಾ ಬೇಡ. ಇದಕ್ಕೆ ಪ್ರತಿಯಾಗಿ ನಿಂಬೆಯ ಹುಳಿ ಆ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಕಾಳು ಮೊಳಕೆಯೊಡೆದರೂ ಅದೇ ಪ್ರಯೋಜನ. ಇದು ಅಲ್ಪವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರು ರಕ್ತಹೀನತೆಯುಳ್ಳವರು. ರಕ್ತಹೀನತೆಯಿಂದಲೂ ಹಸಿವು ಕುಂದುತ್ತದೆ, ಜಂತುಹುಳುಗಳಿಂದಲೂ ಕುಂದುತ್ತದೆ. ಆದುದರಿಂದ ಅಂಗನವಾಡಿ ಮತ್ತು ಶಾಲೆಗಳಲ್ಲಿ ಜಂತುನಿವಾರಣಾ ದಿನದಂದು ಕೊಡುವ ಮಾತ್ರೆಯನ್ನು ತಪ್ಪಿಸಕೂಡದು. ಮಗುವಿನ ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟಪಡುತ್ತಿದ್ದರೆ, ಮಣ್ಣು ಸುಣ್ಣಗಳನ್ನು ತಿನ್ನುತ್ತಿದ್ದರೆ, ಬೆರಳೆಣಿಕೆಯ ಪದಾರ್ಥಗಳ ಹೊರತು ಮತ್ತೇನನ್ನೂ ಮುಟ್ಟದಿದ್ದರೆ, ಅದನ್ನು ಹಟವೆಂದು ಬಗೆಯದೆ ವೈದ್ಯರಿಗೆ ತೋರಿಸಬೇಕು.

ಇಲ್ಲಿ ಭಕ್ತರ ಮನೆಗಳಲ್ಲಿ ಸಹಜವಾಗಿ ಏಳುವ ಒಂದು ಪ್ರಶ್ನೆಯುಂಟು. ಅನ್ನವು ಪ್ರಸಾದ; ತಾಟಿನಲ್ಲಿ ಅಗುಳನ್ನೂ ಬಿಡಬಾರದೆಂಬುದು ಸಂಪ್ರದಾಯ. ಕೂಸು ಬೇಡವೆಂದಾಗ ಬಿಟ್ಟುಬಿಡಬೇಕೆಂದರೆ ಪ್ರಸಾದಕ್ಕೆ ಅಪಚಾರವಾಗದೇ? ಈ ಪ್ರಶ್ನೆಗೆ ಉತ್ತರ ಬಡಿಸುವ ಕೈಯಲ್ಲಿದೆ. ಗಂಡನು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಎಲ್ಲರಿಗೂ ತಿಳಿದುದು. ಬೇಕಾದಷ್ಟನ್ನೇ ತೆಗೆದುಕೊಳ್ಳುವುದು ಆ ಶರಣೆ ತೋರಿದ ದಾರಿ. ದೊಡ್ಡವರು ತಮ್ಮ ಅಳತೆಯಲ್ಲಿ ಬಡಿಸಿ, ಕೂಸಿನ ಹೊಟ್ಟೆಗೆ ತುರುಕಿ ತಾಟು ಬರಿದುಮಾಡುವುದು ಪ್ರಸಾದದ ಗೌರವವಲ್ಲ. ವಯಸ್ಸಿನ ವರ್ಷಕ್ಕೆ ಒಂದರಂತೆ ದೊಡ್ಡ ಚಮಚದ ಅಳತೆಯಲ್ಲಿ ಪ್ರತಿಯೊಂದನ್ನೂ ಬಡಿಸಿ, ಕೇಳಿದರೆ ಮತ್ತೆ ನೀಡಬೇಕು. ನಾಲ್ಕು ವರ್ಷದ ಕೂಸಿಗೆ ನಾಲ್ಕು ಚಮಚ ಅನ್ನ ಸಾಕು. ಒಲ್ಲದ ಪದಾರ್ಥವಾದರೆ ಮೇಲೆ ಹೇಳಿದಂತೆ ಒಂದೇ ಚಮಚ. “ಮತ್ತಷ್ಟು ನೀಡು” ಎಂದು ಕೂಸೇ ಕೇಳುವ ಸುಖವನ್ನು ತಾಯಿ ಆಗ ಅನುಭವಿಸುತ್ತಾಳೆ.

ಮನೆಯಲ್ಲಿ ಕಾಳು ಕಂಡರೆ ಅಳುವ ಮಗು ಶಾಲೆಯ ಬಿಸಿಯೂಟದಲ್ಲಿ, ಮಠದ ದಾಸೋಹದಲ್ಲಿ ಸಾಲಿನಲ್ಲಿ ಕುಳಿತು ಸದ್ದಿಲ್ಲದೆ ಉಣ್ಣುವುದನ್ನು ಅನೇಕರು ಕಂಡಿರಬಹುದು. ಅಲ್ಲಿ ಅಡಿಗೆ ಬೇರೆಯಲ್ಲ, ಪಂಕ್ತಿ ಬೇರೆ. ಎಲ್ಲರಿಗೂ ಒಂದೇ ಸಾರು, ಎಲ್ಲರೂ ಒಂದೇ ಹೊತ್ತಿಗೆ, ಯಾರೂ ಬಾಯಿಯ ಮುಂದೆ ತುತ್ತು ಹಿಡಿದು ನಿಲ್ಲುವುದಿಲ್ಲ. ಪಕ್ಕದ ಮಗು ಉಣ್ಣುವುದನ್ನು ನೋಡಿ ಈ ಮಗುವೂ ಉಣ್ಣುತ್ತದೆ. ಈ ಪಂಕ್ತಿಯನ್ನು ಮನೆಗೆ ತರುವುದೇ ಎಲ್ಲ ಉಪಾಯಗಳ ಸಾರ.

ಆದರೆ ಮನೆಯ ಪಂಕ್ತಿಯಲ್ಲಿ ಬಹುಕಾಲದಿಂದ ಒಂದು ಸ್ಥಾನ ಬರಿದಾಗಿದೆ, ಅದು ತಾಯಿಯದು. ಆಕೆ ಬಡಿಸುತ್ತಾಳೆ, ಓಲೈಸುತ್ತಾಳೆ, ಎಲ್ಲರೂ ಎದ್ದ ಮೇಲೆ ಉಳಿದುದನ್ನು ಉಣ್ಣುತ್ತಾಳೆ. ಮೇಲೆ ಹೇಳಿದ ಸಮೀಕ್ಷೆಯಲ್ಲಿಯೇ ನಾಡಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ರಕ್ತಹೀನರೆಂದು ಕಂಡುಬಂದುದನ್ನು ಮರೆಯುವಂತಿಲ್ಲ. ತಾಯಿ ಪಲ್ಯವನ್ನು ಸವಿದು ಉಣ್ಣುವುದನ್ನು ಎಂದೂ ಕಾಣದ ಕೂಸಿಗೆ, ಪಲ್ಯವು ಸವಿಯತಕ್ಕ ವಸ್ತುವೆಂದು ತಿಳಿಯುವುದಾದರೂ ಹೇಗೆ? ರೊಟ್ಟಿಗಳನ್ನು ಮುಂಚಿತವಾಗಿ ಬಡಿದು ಬುಟ್ಟಿಯಲ್ಲಿ ಮುಚ್ಚಿಟ್ಟು, ಪಾತ್ರೆಗಳನ್ನೆಲ್ಲ ನಡುವೆ ತಂದಿಟ್ಟು, ಬಡಿಸುವ ಕೆಲಸದಲ್ಲಿ ಗಂಡಸರೂ ಕೈಗೂಡಿಸಿ, ತಾಯಿಯೂ ಕೂಸಿನ ಪಕ್ಕದಲ್ಲಿಯೇ ಕುಳಿತು ಉಣ್ಣಬೇಕು. ಮೊಬೈಲು ಬೇರೆ ಕೋಣೆಯಲ್ಲಿರಲಿ. ಕೂಸು ಇಂದು ಕಾಳನ್ನು ಒಲ್ಲೆನ್ನಬಹುದು, ನಾಳೆಯೂ ಒಲ್ಲೆನ್ನಬಹುದು. ಎಂದಾದರೊಂದು ದಿನ ತಾಯಿಯ ತಾಟಿನಿಂದಲೇ ಒಂದು ಕಾಳನ್ನು ಎತ್ತಿ ಬಾಯಿಗಿಟ್ಟುಕೊಳ್ಳುವುದು. ಆ ದಿನ ಬರುವವರೆಗೂ ತಾಯಿಯ ಊಟವಂತೂ ಬಿಸಿಯಾಗಿಯೇ ಇರುವುದು. ಅದೂ ಆ ಮನೆಗೆ ದೊಡ್ಡ ಲಾಭವೆಂಬುದರಲ್ಲಿ ಸಂಶಯವಿಲ್ಲ.