ಸಟಾಣಾದ ಹೊಸ ಮನೆಗೆ ಬಿಸಿನೀರು

ಲಂಡನ್ನಿನಲ್ಲೋ ಟೊರಾಂಟೋದಲ್ಲೋ ಇರುವ ನಮ್ಮವರು "ಹೊಸ ಮನೆಗೆ ಹೀಟಿಂಗ್ ಯಾವುದು?" ಎಂದು ಕೇಳಿದರೆ ಅವರ ಮನಸ್ಸಿನಲ್ಲಿರುವುದು ಬಾಯ್ಲರ್, ರೇಡಿಯೇಟರ್. ಸಟಾಣಾದಲ್ಲಿ ಆ ಪ್ರಶ್ನೆಗೆ ಒಂದೇ ಅರ್ಥ: ಸ್ನಾನಕ್ಕೆ ನೀರು ಹೇಗೆ ಕಾಯಿಸುತ್ತೀರಿ? ನಾಸಿಕ್ ಜಿಲ್ಲೆಯ ಬಾಗಲಾಣ ತಾಲ್ಲೂಕಿನ ಕೇಂದ್ರ ಇದು. ಪಕ್ಕದಲ್ಲಿ ಆರಂ ನದಿ, ಸುತ್ತ ದ್ರಾಕ್ಷಿ, ದಾಳಿಂಬೆ, ಈರುಳ್ಳಿ. ಪಶ್ಚಿಮಕ್ಕೆ 1,567 ಮೀಟರ್ ಎತ್ತರದ ಸಾಲ್ಹೇರ್ ಕೋಟೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಒಂದಂಕಿ ಡಿಗ್ರಿಗೆ ಇಳಿಯುವ ದಿನಗಳಿವೆ. ಕೋಣೆಗೆ ದಕ್ಷಿಣದ ಕಿಟಕಿ, ಮೈಮೇಲೊಂದು ಕೌದಿ ಸಾಕು. ನೀರಿಗೆ ಮಾತ್ರ ವ್ಯವಸ್ಥೆ ಬೇಕೇ ಬೇಕು.

ನಮ್ಮ ಮನೆಯಲ್ಲಿ ಐದು ಜನ. ಧಾರವಾಡದಿಂದ ನಮ್ಮ ಜೊತೆ ಬಂದಿರುವ ಅತ್ತೆಯವರಿಗೆ ಮಂಡಿನೋವು. ಬೆಳಗ್ಗೆ ಐದೂವರೆಗೆ ಬಿಸಿನೀರು ಬೀಳದಿದ್ದರೆ ಅವರ ದಿನ ಶುರುವಾಗುವುದಿಲ್ಲ. ಹಾಗಾಗಿ ಬಣ್ಣ, ಟೈಲ್ಸ್‌ಗಿಂತ ಮೊದಲು ಈ ಲೆಕ್ಕಕ್ಕೆ ಕೂತೆ.

ಲೆಕ್ಕ ಸರಳ. ತಲೆಗೆ 30 ಲೀಟರ್‌ನಂತೆ 150 ಲೀಟರ್. ಚಳಿಗಾಲದಲ್ಲಿ ಟ್ಯಾಂಕಿನ ನೀರು 15 ಡಿಗ್ರಿ ಎಂದುಕೊಂಡರೆ ಸ್ನಾನದ 40 ಡಿಗ್ರಿಗೆ 25 ಡಿಗ್ರಿ ಏರಿಸಬೇಕು. 100 ಲೀಟರ್‌ಗೆ ಸುಮಾರು 2.9 ಯೂನಿಟ್, 150ಕ್ಕೆ 4.4. ಶಾಖ ಎಲ್ಲಿಂದಲೇ ಬರಲಿ, ನೀರಿಗೆ ಬೇಕಾದದ್ದು ಇಷ್ಟು.

ಕರೆಂಟ್ ಗೀಸರ್ ಹಾಕಿದರೆ ಚಳಿಗಾಲದ ತಿಂಗಳಿಗೆ 130 ಯೂನಿಟ್‌ಗೂ ಹೆಚ್ಚು. ಮಹಾವಿತರಣದ ಬಿಲ್ಲಿನಲ್ಲಿ 100 ಯೂನಿಟ್ ದಾಟಿದ ಮೇಲೆ ದರ ಜಿಗಿಯುತ್ತದೆ; ಸ್ನಾನವೊಂದೇ ಆ ಗೆರೆ ದಾಟಿಸಿಬಿಡುತ್ತದೆ. ಗೀಸರ್‌ನ ಮೇಲಿನ ಸ್ಟಾರ್‌ಗಳು ನೀರು ಕಾಯಿಸುವ ಖರ್ಚನ್ನು ಇಳಿಸುವುದಿಲ್ಲ. ಕಾದ ನೀರು ಒಳಗೇ ನಿಂತು ಆರುವಾಗ ಎಷ್ಟು ಶಾಖ ಪೋಲಾಗುತ್ತದೆ ಎಂಬುದನ್ನು ಅವು ಹೇಳುತ್ತವೆ.

ಗ್ಯಾಸ್ ಗೀಸರ್ ಇಲ್ಲಿ ಬಹಳ ಮನೆಗಳಲ್ಲಿದೆ. ನಮ್ಮ ಬಳಕೆಗೆ 14.2 ಕೆ.ಜಿ. ಸಿಲಿಂಡರ್ ಸುಮಾರು ಐದು ವಾರ ಬರುತ್ತದೆ. ಆದರೆ ಚಳಿಯೆಂದು ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿ ಬಿದ್ದವರಿಗೆ ಚಿಲಕ ತೆಗೆಯಲೂ ಆಗುವುದಿಲ್ಲ. ಹಾಕಲೇಬೇಕಿದ್ದರೆ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ವಯಸ್ಸಾದವರಿರುವ ನಮ್ಮ ಮನೆಗೆ ಅದು ಬೇಡವೆಂದು ತೀರ್ಮಾನಿಸಿದೆ.

ಹೀಟ್ ಪಂಪ್ ಆಸೆ ಹುಟ್ಟಿಸಿತು. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಎಳೆದು ನೀರಿಗೆ ದಾಟಿಸುತ್ತದೆ. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ನಷ್ಟು ಶಾಖ ಎಂದರೆ ನಮ್ಮ 4.4 ಒಂದೂವರೆಗೆ ಇಳಿಯುತ್ತದೆ. ಬ್ರಿಟನ್ನಿನಲ್ಲಿ ಬಾಯ್ಲರ್ ಬಿಟ್ಟು ಇದಕ್ಕೆ ಬರುವವರಿಗೆ ಸರ್ಕಾರ 2023ರ ಅಕ್ಟೋಬರಿನಿಂದ 7,500 ಪೌಂಡ್ ಸಹಾಯಧನ ಕೊಡುತ್ತಿದೆ. ಅಲ್ಲಿ ಇಡೀ ಮನೆ ತಿಂಗಳುಗಟ್ಟಲೆ ಬೆಚ್ಚಗಿರಬೇಕು, ಹಾಗಾಗಿ ಅದು ಸರಿ. ಐದು ಜನರ ಸ್ನಾನಕ್ಕೆ ಅಷ್ಟು ಬಂಡವಾಳ, ಜೊತೆಗೆ ರಿಪೇರಿಗೆ ನಾಸಿಕ್‌ನಿಂದ ಮೆಕ್ಯಾನಿಕ್ ಬರುವವರೆಗೆ ಕಾಯುವುದು ನಮಗೆ ಹೊಂದಲಿಲ್ಲ.

ಉಳಿದದ್ದು ಬಿಸಿಲು. ಕರ್ನಾಟಕ 2007ರಲ್ಲೇ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಬೆಂಗಳೂರಿನ ತಾರಸಿಗಳು ನಮಗೆಲ್ಲ ಗೊತ್ತು. ಇಲ್ಲಿ ವಿಚಾರಿಸಿದಾಗ ಪ್ಲಂಬರ್ ಹೇಳಿದ ಮೊದಲ ಮಾತು: "ವಹಿನಿ, ಆಧೀ ಪಾಣೀ ತಪಾಸಾ." ನಮ್ಮ ವೈನಿಯೇ ಮರಾಠಿಯಲ್ಲಿ ವಹಿನಿ. ಮೊದಲು ನೀರು ಪರೀಕ್ಷೆ ಮಾಡಿಸಿ ಎಂದ. ಬೋರ್‌ವೆಲ್ ನೀರು ಗಡಸಾಗಿದ್ದರೆ ಫ್ಲಾಟ್ ಪ್ಲೇಟ್ ಹೀಟರ್‌ನ ಸಣ್ಣ ತಾಮ್ರದ ನಳಿಗೆಗಳಲ್ಲಿ ಸುಣ್ಣ ಕಟ್ಟಿಕೊಳ್ಳುತ್ತದೆ. ನಮ್ಮದು ಗಡಸು ನೀರೇ. ಗಾಜಿನ ಕೊಳವೆಗಳದ್ದು ಅಗಲ ಹೆಚ್ಚು, ತೆಗೆದು ತೊಳೆಯಬಹುದು. ಈ ಭಾಗದಲ್ಲಿ ದ್ರಾಕ್ಷಿ ಬೆಳೆಗಾರರನ್ನು ಅಳಿಸುವ ಆಲಿಕಲ್ಲು ಮಳೆಗೆ ಒಂದು ಕೊಳವೆ ಒಡೆದರೆ ಅದೊಂದನ್ನೇ ಬದಲಿಸಿದರಾಯಿತು. ಅಲ್ಲಿಯವರೆಗೆ ಟ್ಯಾಂಕಿನ ನೀರು ಸೋರಿಹೋಗುತ್ತದೆ ಎಂಬುದು ಗೊತ್ತಿರಲಿ.

ಅಂಗಡಿಯವರು 300 ಲೀಟರ್‌ನದು ಹಾಕಿಸಿಕೊಳ್ಳಿ ಎಂದರು. ಸೋಲಾರ್ ನೀರನ್ನು ಹಾಗೇ ಯಾರೂ ಮೈಮೇಲೆ ಹಾಕಿಕೊಳ್ಳುವುದಿಲ್ಲ, ತಣ್ಣೀರು ಬೆರೆಸುತ್ತೇವೆ. 55 ಡಿಗ್ರಿಯ ಸುಮಾರು 95 ಲೀಟರ್ ಇದ್ದರೆ 150 ಲೀಟರ್ ಸ್ನಾನದ ನೀರಾಗುತ್ತದೆ. ರಾತ್ರಿಯ ಶಾಖನಷ್ಟ, ಬಂದುಹೋಗುವ ನೆಂಟರು ಎಲ್ಲ ಸೇರಿಸಿ 150 ಲೀಟರ್‌ನದಕ್ಕೇ ಒಪ್ಪಿದೆವು.

ಪೈಪಿನ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಂಡೆ. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಕಾಲು ಲೀಟರ್ ನೀರು ನಿಲ್ಲುತ್ತದೆ. 20 ಮೀಟರ್ ದೂರವಿದ್ದರೆ ಪ್ರತಿ ಸಲ ಐದು ಲೀಟರ್ ತಣ್ಣೀರು ಚೆಲ್ಲಿದ ಮೇಲೆಯೇ ಬಿಸಿನೀರು. ಅದಕ್ಕೆ ಎರಡೂ ಬಚ್ಚಲುಗಳನ್ನು ಒಂದರ ಮೇಲೊಂದು ಬರುವಂತೆ ನಕ್ಷೆ ತಿದ್ದಿಸಿದೆವು.

ಮಳೆಗಾಲದ ಮೋಡಕ್ಕೆ ಕೆಳಗಿನ ಬಚ್ಚಲಲ್ಲಿ 25 ಲೀಟರ್‌ನ ಗೀಸರ್ ಇರುತ್ತದೆ. ಮೇ ತಿಂಗಳಲ್ಲಿ ಸೋಲಾರ್ ನೀರು ಮೈ ಸುಡುವಷ್ಟು ಕಾಯುವುದರಿಂದ ಅತ್ತೆಯವರ ಬಚ್ಚಲಿಗೆ ಮಿಕ್ಸರ್ ನಲ್ಲಿ. ತಾರಸಿಯ ಒಂದು ಭಾಗವನ್ನು ಖಾಲಿ ಬಿಟ್ಟಿದ್ದೇವೆ: 2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ನ ಪ್ಯಾನೆಲ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ, ಮುಂದೆ ನೋಡೋಣ.

ಅತ್ತೆಯವರಿಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. "ಹಂಡೇದಾಗ ಕಾಸಿದ ನೀರು ಹಾಕ್ಕೊಂಡ್ರ ಮೈ ಹಗುರಾಗ್ತದ ನೋಡವಾ" ಎನ್ನುತ್ತಾರೆ. ಇಲ್ಲಿ ನಮ್ಮ ಹಂಡೆಯ ಜಾಗದಲ್ಲಿ ಬಂಬ್ ಇದೆ: ತಾಮ್ರದ ಪಾತ್ರೆ, ನಡುವಿನ ಕೊಳವೆಯಲ್ಲಿ ಬೆಂಕಿ, ಸುತ್ತ ನೀರು. ತೋಟ ಸವರಿದ ಕಡ್ಡಿ ಬೇಕಾದಷ್ಟು ಸಿಗುತ್ತದೆ. ಆದರೆ ದಿನಕ್ಕೆ ನಾಲ್ಕೈದು ಕೆ.ಜಿ. ಕಟ್ಟಿಗೆ, ಹೊಗೆ, ನಸುಕಿನಲ್ಲಿ ಬಗ್ಗಿ ಬೆಂಕಿ ಊದುವುದು ಆ ಮಂಡಿಗೆ ಆಗದ ಮಾತು. ದೀಪಾವಳಿಗೆ ಮಾತ್ರ ಹಿತ್ತಲಲ್ಲಿ ಒಲೆ ಹೂಡುವುದೆಂದು ರಾಜಿಯಾಗಿದ್ದೇವೆ. ನೀರು ತುಂಬುವ ಹಬ್ಬ ನಮಗೆ, ಮರುದಿನದ ಅಭ್ಯಂಗಸ್ನಾನ ಅವರಿಗೂ ನಮಗೂ.

ದೂರದಲ್ಲಿದ್ದು ಊರಲ್ಲಿ ಮನೆ ಕಟ್ಟಿಸುತ್ತಿರುವ ಗೆಳೆಯರೇ, ಸ್ಲ್ಯಾಬ್ ಹಾಕುವ ಮೊದಲೇ ಮೇಸ್ತ್ರಿಯನ್ನು ಕೇಳಿ: ತಣ್ಣೀರಿನ ಟ್ಯಾಂಕ್ ಸೋಲಾರ್ ಟ್ಯಾಂಕಿಗಿಂತ ಮೇಲಿದೆಯೇ, ಬಿಸಿನೀರಿಗೆ ಸಿಪಿವಿಸಿ ಪೈಪ್ ಹಾಕಿ ಶಾಖ ಹೋಗದಂತೆ ಸುತ್ತುತ್ತಾರೆಯೇ, ದಕ್ಷಿಣದ ಬಿಸಿಲಿಗೆ ಅಡ್ಡವಾಗಿ ಪಕ್ಕದವರ ಮಹಡಿ ಏಳುವುದೇ? ಗೋಡೆ ಎದ್ದ ಮೇಲೆ ಇವನ್ನು ಸರಿಪಡಿಸಲು ಒಡೆಯಬೇಕಾಗುತ್ತದೆ.