ಮೈ ತುಂಬಿದವರ ಲೆಕ್ಕ

“ಯಾಕೆ, ಸೊರಗಿದ್ದೀರಲ್ಲ?” ಗುಬ್ಬಿಯ ಸಂತೆಯಲ್ಲೋ ತುಮಕೂರಿನ ಬಸ್ ನಿಲ್ದಾಣದಲ್ಲೋ ಬಹುದಿನದ ಮೇಲೆ ಕಂಡ ನೆಂಟರ ಮೊದಲ ಪ್ರಶ್ನೆ ಇದು. “ಮೈ ತುಂಬಿಕೊಂಡಿದ್ದೀರಿ” ಎಂದರೆ ಮೆಚ್ಚುಗೆ. ಕನ್ನಡದಲ್ಲಿ ಸೊರಗುವುದು ಕಾಯಿಲೆಯ ಗುರುತು, ತುಂಬಿಕೊಳ್ಳುವುದು ಕ್ಷೇಮದ ಗುರುತು.

ಇದಕ್ಕೆ ಕಾರಣವಿಲ್ಲದಿಲ್ಲ. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876–78ರಲ್ಲಿ, ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಕಳೆದುಕೊಂಡಿತು. ಮಳೆ ನಂಬಿ ರಾಗಿ ಬೆಳೆಯುವ ಸೀಮೆಯಲ್ಲಿ ಮೈಮೇಲಿನ ಮಾಂಸವೇ ಕಣಜದ ಕಾಳಿನಷ್ಟು ಭರವಸೆ ಕೊಟ್ಟಿದ್ದರೆ ಆಶ್ಚರ್ಯವಲ್ಲ.

ಕಾಲ ಬದಲಾಯಿತು, ಕಣ್ಣು ಬದಲಾಗಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಸುಮಾರು ಶೇ 30ರಷ್ಟು ವಯಸ್ಕರು ಅತಿತೂಕದವರು. ಶೇ 17ರಷ್ಟು ಮಹಿಳೆಯರು ತೀರ ತೆಳುವಾದವರೂ ಹೌದು. ಕೇಳಿದರೆ ಎರಡೂ ಗುಂಪಿನಲ್ಲಿ ಅನೇಕರು “ನಾನು ಸರಿಯಾಗಿಯೇ ಇದ್ದೇನೆ” ಎನ್ನುತ್ತಾರೆ. ಮನುಷ್ಯ ತನ್ನನ್ನು ಅಳೆದುಕೊಳ್ಳುವುದು ತಕ್ಕಡಿಯಿಂದಲ್ಲ, ನೆರೆಹೊರೆಯವರಿಂದ. ಪೇಟೆಯ ಅಂಗಡಿಯಲ್ಲಿ ಕುಳಿತವನಿಗೆ ಎದುರಂಗಡಿಯವನ ಹೊಟ್ಟೆಯೇ ಮಾದರಿ. ಕುಣಿಗಲ್ ಕಡೆಯ ಕೂಲಿ ಹೆಂಗಸಿಗೆ ಜೊತೆಗಾತಿಯರ ಬಡಕಲು ಮೈಯೇ ಸಹಜ. ಹಲವು ದೇಶಗಳ ಅಧ್ಯಯನಗಳಲ್ಲಿ ಬೊಜ್ಜನ್ನು ಒಪ್ಪಿಕೊಳ್ಳದವರು ಹೆಚ್ಚಾಗಿ ಗಂಡಸರು. ಸರಿಯಾದ ತೂಕವಿದ್ದೂ ತಾನು ದಪ್ಪ ಎಂದು ಕೊರಗುವವರು ಹೆಚ್ಚಾಗಿ ಯುವತಿಯರು. ಕನ್ನಡಿ ಇಬ್ಬರಿಗೂ ಸುಳ್ಳು ಹೇಳುತ್ತದೆ, ಬೇರೆಬೇರೆ ಸುಳ್ಳು.

ಭಾರತೀಯರ ಮಟ್ಟಿಗೆ ಮತ್ತೊಂದು ತೊಡಕಿದೆ. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರದೇ ಚಿತ್ರವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಿಗೂ 22.3. ಆದರೆ ದೇಹದ ಕೊಬ್ಬು ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2! ನೋಡಲು ತೆಳು, ಒಳಗೆ ಕೊಬ್ಬು. ಅದಕ್ಕೇ ಬೇರೆಡೆ 25 ದಾಟಿದ ಮೇಲೆ ಕೊಡುವ ಎಚ್ಚರಿಕೆಯನ್ನು ಭಾರತೀಯರಿಗೆ 23ಕ್ಕೇ ಕೊಡುತ್ತಾರೆ. ಐದಡಿ ಮೂರಂಗುಲದ ಗೃಹಿಣಿಗೆ ಅದು ಸುಮಾರು 59 ಕಿಲೋ. ಆ ತೂಕದವಳನ್ನು ದಪ್ಪ ಎನ್ನುವವರು ಊರಲ್ಲಿ ಯಾರೂ ಸಿಗುವುದಿಲ್ಲ. ಸಕ್ಕರೆ ಕಾಯಿಲೆ ಮಾತ್ರ ಊರವರ ಮಾತಿಗೆ ಕಾಯುವುದಿಲ್ಲ.

ನಮ್ಮ ಉಡುಪೂ ಗುಟ್ಟು ಬಿಡುವುದಿಲ್ಲ. ಪ್ಯಾಂಟಿನ ಗುಂಡಿ ಹತ್ತದಿದ್ದರೆ ತಿಳಿಯುತ್ತದೆ. ಪಂಚೆ, ಸೀರೆ ಯಾವ ಸೊಂಟಕ್ಕಾದರೂ ಒಗ್ಗಿಕೊಳ್ಳುತ್ತವೆ. ದರ್ಜಿಯ ಟೇಪು ಅಷ್ಟು ದಾಕ್ಷಿಣ್ಯದ್ದಲ್ಲ. ಹೊಕ್ಕುಳ ಸುತ್ತ ಹಿಡಿದಾಗ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳುವ ಹೊತ್ತಾಯಿತೆಂದೇ ಲೆಕ್ಕ.